ಮಕ್ಕಳಾಗದಿದ್ದರೆ ಪತಿಗೂ ಪರೀಕ್ಷೆ ಅಗತ್ಯ

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಗ್ರಾಮೀಣ ದಂಪತಿಗಳನ್ನು ಉದ್ದೇಶಿಸಿ ವೈದ್ಯಾಧಿಕಾರಿಯವರು ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಳ್ಳಿಗಳ ಜನರಿಗೆ ನೆನಪಾಗುವುದು ಶಸ್ತ್ರಚಿಕಿತ್ಸೆ, ವಂಕಿ ಮತ್ತು ನಿರೋಧ್. ನಮ್ಮ ಇಲಾಖೆಯವರು ಮನೆಗೆ ಬಂದರೆಂದರೆ ಮಕ್ಕಳು ಸಾಕೆಂದು ಹೇಳಲು ಬಂದರೆಂದೇ ಅರ್ಥ. ಆದರೆ ಮಕ್ಕಳು ಬೇಕೆಂದು ಹಂಬಲಿಸಿಯೂ ಆಗದೆ ಕೊರಗುತ್ತಿರುವ ದಂಪತಿಗಳ ಕಲ್ಯಾಣವೂ ಕುಟುಂಬ ಕಲ್ಯಾಣವೇ ಆಗಿದೆ. ಇಂದು ನಾನು ಮಾತನಾಡುವುದು ಅಂಥವರ ವಿಷಯವಾಗಿ. ಅದರಲ್ಲಿಯೂ ಮುಖ್ಯವಾಗಿ ಗಂಡಸರ ವಿಷಯವಾಗಿ. ಹಿಂದಿನ ಸಾಲಿನಲ್ಲಿ ಕುಳಿತಿರುವ ಯಜಮಾನರು ದಯಮಾಡಿ ಎದ್ದು ಹೋಗಬಾರದೆಂದು ಪ್ರಾರ್ಥನೆ.

ಮಲೆಯ ಮಾದಪ್ಪನ ಕಥೆಯನ್ನು ಕಂಸಾಳೆಯವರು ಹಾಡುವಾಗ ಸಂಕಮ್ಮನ ಸಾಲನ್ನು ನೀವೆಲ್ಲರೂ ಕೇಳಿದ್ದೀರಿ. ಮಕ್ಕಳಿಲ್ಲದ ಆ ತಾಯಿ ಬಂಜೆಯೆಂಬ ಹೆಸರು ಹೊತ್ತಳು, ಗಂಡನ ಸಂಶಯವನ್ನೂ ಹಿಂಸೆಯನ್ನೂ ಸಹಿಸಿದಳು. ಕೊನೆಗೆ ಮಾದಪ್ಪನ ವರದಿಂದ ಕಾರಯ್ಯ ಬಿಲ್ಲಯ್ಯರನ್ನು ಪಡೆದಳು. ಈ ಕಥೆ ಕೇಳಿ ಕಣ್ಣೀರಿಡದ ಹೆಂಗಸು ನಮ್ಮ ಸೀಮೆಯಲ್ಲಿ ಇರಲಾರಳು. ಆದರೆ ನಾನು ವೈದ್ಯನಾದ ಮೇಲೆ ಇದನ್ನು ಕೇಳಿದಾಗಲೆಲ್ಲ ನನಗೆ ಇನ್ನೊಂದು ವಿಚಾರ ಹೊಳೆಯುತ್ತದೆ. ಅಷ್ಟು ದೊಡ್ಡ ಕಥೆಯಲ್ಲಿ ದೋಷ ಗಂಡನಲ್ಲಿ ಇರಬಹುದೇ ಎಂದು ಒಬ್ಬರೂ ಕೇಳಲಿಲ್ಲ. ಇಂದಿಗೂ ನಮ್ಮ ಊರುಗಳಲ್ಲಿ ಯಾರೂ ಕೇಳುವುದಿಲ್ಲ. ಬಂಜೆ ಎಂಬ ಶಬ್ದವೇ ಹೆಂಗಸಿಗೆ ಮೀಸಲಾಗಿದೆ. ಗಂಡಸಿಗೆ ಅಂಥ ಶಬ್ದ ನಮ್ಮ ಆಡುಮಾತಿನಲ್ಲಿ ಇಲ್ಲವೆಂದೇ ಹೇಳಬೇಕು.

ಮಾದಪ್ಪನಿಗೆ ಹರಕೆ ಹೊರಬೇಡಿರೆಂದು ನಾನು ಹೇಳುತ್ತಿಲ್ಲ. ಅವಶ್ಯವಾಗಿ ಬೆಟ್ಟಕ್ಕೆ ಹೋಗಿ ಬನ್ನಿ. ಇಳಿದು ಬರುವ ದಾರಿಯಲ್ಲಿಯೇ ಹನೂರೂ ಕೊಳ್ಳೇಗಾಲವೂ ಸಿಗುತ್ತವೆ. ಇಬ್ಬರೂ ಜೊತೆಯಾಗಿ ಆಸ್ಪತ್ರೆಗೂ ಬನ್ನಿ.

ನಾನು ಕಂಡ ಒಂದು ಕುಟುಂಬದ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ಮದುವೆಯಾಗಿ ಆರು ವರ್ಷಗಳಾಗಿದ್ದ ಇಪ್ಪತ್ತಾರು ವಯಸ್ಸಿನ ಹೆಣ್ಣುಮಗಳು ತನ್ನ ಅತ್ತೆಯೊಡನೆ ನಮ್ಮ ಹೊರರೋಗಿ ವಿಭಾಗಕ್ಕೆ ಬಂದಳು. ಕೊರಳಲ್ಲಿ ಎರಡು, ತೋಳಲ್ಲಿ ಒಂದು ತಾಯಿತ. ಕೈಚೀಲದ ತುಂಬ ಚೀಟಿಗಳು. ಎರಡು ಸಲ ಗರ್ಭಕೋಶವನ್ನು ಸ್ವಚ್ಛಗೊಳಿಸಿದ್ದರು. ಗರ್ಭನಾಳಗಳ ಪರೀಕ್ಷೆ ಮಾಡಿಸಿದ್ದರು, ಅವು ತೆರೆದಿದ್ದವು. ಮುಟ್ಟು ತಿಂಗಳಿಗೆ ಸರಿಯಾಗಿ ಆಗುತ್ತಿತ್ತು. ಇಷ್ಟಕ್ಕೆಲ್ಲ ಒಂದು ಜೊತೆ ಎತ್ತಿನ ಬೆಲೆ ಖರ್ಚಾಗಿತ್ತು. ಮಗನಿಗೆ ಇನ್ನೊಂದು ಮದುವೆ ಮಾಡುವ ಮಾತು ಮನೆಯಲ್ಲಿ ಎದ್ದಿದೆಯೆಂದು ಅತ್ತೆಯೇ ಹೇಳಿದರು. ಹೇಳುವಾಗ ಸೊಸೆಯ ಮುಖವನ್ನು ಅವರು ನೋಡಲಿಲ್ಲ. ನಾನು ಚೀಟಿಗಳನ್ನೆಲ್ಲ ಎರಡು ಸಲ ತಿರುವಿ ಹಾಕಿದೆ. ಗಂಡನ ಹೆಸರಿನಲ್ಲಿ ಒಂದು ಚೀಟಿಯೂ ಇರಲಿಲ್ಲ.

ಗಂಡ ಎಲ್ಲಿ ಎಂದು ಕೇಳಿದರೆ, ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಾನೆಂದು ತಿಳಿಯಿತು. ಕರೆಸಿದೆ. ಪರೀಕ್ಷೆಯ ಮಾತೆತ್ತಿದೊಡನೆ ಆತ, "ನಂಗೇನಾಗದ ಸ್ವಾಮಿ? ಹೊತ್ತಾರಿಂದ ಬೈಗಿನವರ್ಗೂ ಗೇಯ್ತೀನಿ" ಎಂದು ಹೇಳಿ ಹೊರಟೇ ಹೋದ.

ಆತನ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹುಜನರ ತಪ್ಪು ತಿಳಿವಳಿಕೆಯಾಗಿದೆ. ದೇಹಬಲ ಬೇರೆ, ದಾಂಪತ್ಯಸುಖ ನೀಡುವ ಶಕ್ತಿ ಬೇರೆ, ಸಂತಾನಶಕ್ತಿ ಬೇರೆ. ಮೂಟೆ ಹೊರುವ ಕಟ್ಟುಮಸ್ತಾದ ಆಳಿನ ವೀರ್ಯದಲ್ಲಿ ಒಂದು ವೀರ್ಯಾಣುವೂ ಇಲ್ಲದಿರಬಹುದು. ಹೊರಗಣ್ಣಿಗೆ ಆ ವೀರ್ಯವು ಎಲ್ಲರದರಂತೆಯೇ ಕಾಣುತ್ತದೆ, ಏಕೆಂದರೆ ವೀರ್ಯದ ಬಹುಭಾಗವು ಬೇರೆ ಗ್ರಂಥಿಗಳಿಂದ ಬರುವ ದ್ರವವಾಗಿದ್ದು, ವೀರ್ಯಾಣುಗಳು ಅದರಲ್ಲಿ ಅತ್ಯಲ್ಪ ಪಾಲು ಮಾತ್ರ. ಅವು ಇವೆಯೋ ಇಲ್ಲವೋ ಎಂಬುದನ್ನು ಸೂಕ್ಷ್ಮದರ್ಶಕ ಯಂತ್ರವೇ ಹೇಳಬೇಕು. ಬಿತ್ತನೆಗೆ ಮುನ್ನ ಬೀಜದ ಮೊಳಕೆಯನ್ನು ಪರೀಕ್ಷಿಸುವ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪೈರು ಬಾರದಿದ್ದರೆ ಹೊಲವನ್ನೇ ಆರು ವರ್ಷ ಅಗೆಯುತ್ತ ಕೂರುವವರಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಜನರ ವಿಷಯದಲ್ಲಿ ಗಂಡಸಿನ ದೋಷವು ಒಂದೋ ಏಕೈಕ ಕಾರಣವಾಗಿರುತ್ತದೆ, ಇಲ್ಲವೇ ಹೆಂಗಸಿನ ದೋಷದೊಡನೆ ಸೇರಿಕೊಂಡಿರುತ್ತದೆ.

ಈಗ ವೀರ್ಯಾಣುವಿನ ಉತ್ಪತ್ತಿಯ ಕ್ರಮವನ್ನು ತಿಳಿಯೋಣ. ಗಂಡಸಿನ ಎರಡು ವೃಷಣಗಳಲ್ಲಿ, ಅಂದರೆ ಬೀಜಗಳಲ್ಲಿ, ವೀರ್ಯಾಣುಗಳು ಹಗಲಿರುಳೂ ಹುಟ್ಟುತ್ತಿರುತ್ತವೆ. ಒಂದು ವೀರ್ಯಾಣು ಹುಟ್ಟಿ ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕು. ಅನಂತರ ಅದು ವೃಷಣಕ್ಕೆ ಅಂಟಿಕೊಂಡ ಸುರುಳಿ ನಾಳದಲ್ಲಿ ಕೆಲವು ದಿನ ತಂಗಿ ಚಲನಶಕ್ತಿಯನ್ನು ಪಡೆದು, ವೀರ್ಯನಾಳದ ಮೂಲಕ ಹೊರಬರುತ್ತದೆ. ಈ ಕೆಲಸಕ್ಕೆ ದೇಹದ ಶಾಖಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಕಡಮೆ ಶಾಖ ಬೇಕಾಗುತ್ತದೆ. ಆದುದರಿಂದಲೇ ಪ್ರಕೃತಿಯು ವೃಷಣಗಳನ್ನು ಹೊಟ್ಟೆಯೊಳಗೆ ಇರಿಸದೆ ಹೊರಗೆ ಚೀಲದಲ್ಲಿ ಇಳಿಬಿಟ್ಟಿದೆ. ಎರಡೂವರೆ ತಿಂಗಳು ಮತ್ತು ತಂಪು, ಈ ಎರಡು ಸಂಗತಿಗಳು ನಿಮ್ಮ ನೆನಪಿನಲ್ಲಿದ್ದರೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ.

ಯಾವ ಗರ್ಭನಿರೋಧಕವನ್ನೂ ಬಳಸದೆ ಒಂದು ವರ್ಷ ಜೊತೆಯಾಗಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಪರೀಕ್ಷೆಗೆ ಬರತಕ್ಕದ್ದು. ಹೆಂಡತಿಗೆ ಮೂವತ್ತೈದು ವರ್ಷ ದಾಟಿದ್ದರೆ ಆರು ತಿಂಗಳಿಗೇ ಬನ್ನಿ. ಜೊತೆಯಾಗಿ ಎಂಬ ಮಾತನ್ನು ಗಮನಿಸಿರಿ. ಬೆಂಗಳೂರಿಗೋ ತಮಿಳುನಾಡಿನ ಕಡೆಗೋ ದುಡಿಯಲು ಹೋಗಿ ಎರಡು ತಿಂಗಳಿಗೊಮ್ಮೆ ಎರಡು ದಿನ ಮನೆಗೆ ಬರುವ ಯಜಮಾನರು ಹನೂರಿನ ಕಡೆ ಅನೇಕರಿದ್ದಾರೆ. ಹೆಂಗಸಿನ ಅಂಡಾಣು ಬಿಡುಗಡೆಯಾದ ಮೇಲೆ ಒಂದು ದಿನ ಮಾತ್ರ ಜೀವಿಸುತ್ತದೆ. ವೀರ್ಯಾಣು ಅವಳ ದೇಹದಲ್ಲಿ ಮೂರರಿಂದ ಐದು ದಿನ ಇರಬಲ್ಲದು. ಇಪ್ಪತ್ತೆಂಟು ದಿನಗಳಿಗೊಮ್ಮೆ ಮುಟ್ಟಾಗುವವರಲ್ಲಿ ಮುಟ್ಟಾದ ಮೊದಲ ದಿನದಿಂದ ಎಣಿಸಿ ಹತ್ತನೆಯ ದಿನದಿಂದ ಹದಿನೆಂಟನೆಯ ದಿನದವರೆಗೆ ಒಂದು ದಿನ ಬಿಟ್ಟು ಒಂದು ದಿನ ಕೂಡಿದರೆ ಸಾಕು. ಊರಿಗೆ ಬರುವ ದಿನವನ್ನು ಹಬ್ಬ ನೋಡಿ ಗೊತ್ತುಮಾಡುವ ಬದಲು ಈ ಲೆಕ್ಕ ನೋಡಿ ಗೊತ್ತುಮಾಡಿದರೆ ಕೆಲವರಿಗೆ ಔಷಧಿಯೇ ಬೇಕಾಗುವುದಿಲ್ಲ.

ಗಂಡಸಿನ ಮೊದಲ ಪರೀಕ್ಷೆ ವೀರ್ಯಪರೀಕ್ಷೆ. ಹೆಂಗಸಿಗೆ ಮಾಡುವ ಪರೀಕ್ಷೆಗಳೊಡನೆ ಹೋಲಿಸಿದರೆ ಇದರಲ್ಲಿ ನೋವಿಲ್ಲ, ಖರ್ಚು ಕಡಮೆ, ಕೊಯ್ಯುವ ಪ್ರಮೇಯವಿಲ್ಲ. ಎರಡು ದಿನಕ್ಕೆ ಕಡಮೆಯಿಲ್ಲದಂತೆ, ಏಳು ದಿನ ಮೀರದಂತೆ ಹೆಂಡತಿಯೊಡನೆ ಸಂಪರ್ಕವಿಲ್ಲದೆ ಇದ್ದು, ಪ್ರಯೋಗಶಾಲೆಯವರು ಕೊಡುವ ಅಗಲಬಾಯಿಯ ಸ್ವಚ್ಛ ಸೀಸೆಯಲ್ಲಿ ಹಸ್ತಮೈಥುನದಿಂದ ವೀರ್ಯವನ್ನು ಸಂಗ್ರಹಿಸಬೇಕು. ಮೊದಲ ತೊಟ್ಟೂ ಚೆಲ್ಲಬಾರದು, ಏಕೆಂದರೆ ವೀರ್ಯಾಣುಗಳು ಮೊದಲ ಭಾಗದಲ್ಲಿಯೇ ಹೆಚ್ಚು. ನಿರೋಧ್ ಚೀಲದಲ್ಲಿ ಹಿಡಿದು ತರಬಾರದು. ಅದಕ್ಕೆ ಸವರಿದ ವಸ್ತುವಿನಿಂದ ವೀರ್ಯಾಣುಗಳು ಸಾಯುತ್ತವೆ. ಮನೆಯಿಂದ ತರುವುದಾದರೆ ಮೈಶಾಖದಲ್ಲಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಮಾರ್ಟಳ್ಳಿ, ಪೊನ್ನಾಚಿ, ಬಿಳಿಗಿರಿರಂಗನ ಬೆಟ್ಟದ ಪೋಡುಗಳು, ಇಷ್ಟು ದೂರದಿಂದ ಬರುವವರಿಗೆ ಅದು ಸಾಧ್ಯವಿಲ್ಲವಾದ್ದರಿಂದ ಅಂಥವರು ಆಸ್ಪತ್ರೆಯಲ್ಲಿಯೇ ಬಾಗಿಲು ಹಾಕಿಕೊಳ್ಳುವ ಕೋಣೆಯನ್ನು ಕೇಳಬೇಕು. ಕೇಳುವುದಕ್ಕೆ ನಾಚಿಕೆಪಡಬೇಕಾಗಿಲ್ಲ, ನಮ್ಮ ಪ್ರಯೋಗಶಾಲೆಯ ತಂತ್ರಜ್ಞರಿಗೆ ಇದು ಕಫ, ಮೂತ್ರ ಪರೀಕ್ಷಿಸಿದಷ್ಟೇ ಸಹಜವಾದ ಕೆಲಸ.

ಪರೀಕ್ಷೆಯ ಚೀಟಿಯಲ್ಲಿ ಏನಿರುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ವೀರ್ಯವು 1.4 ಮಿಲಿಲೀಟರಿಗೆ ಕಡಮೆಯಿರಬಾರದು. ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳಾದರೂ ಇರಬೇಕು. ನೂರರಲ್ಲಿ 42 ಚಲಿಸುತ್ತಿರಬೇಕು. ನೂರರಲ್ಲಿ ನಾಲ್ಕಾದರೂ ಸರಿಯಾದ ಆಕಾರದವಾಗಿರಬೇಕು. ಈ ಕೊನೆಯ ಸಂಖ್ಯೆಯನ್ನು ನೋಡಿ ಬಹಳ ಮಂದಿ ಹೆದರುತ್ತಾರೆ. ಹೆದರಬೇಕಾಗಿಲ್ಲ, ಮಕ್ಕಳಾದವರಲ್ಲಿಯೂ ಬಹುಪಾಲು ವೀರ್ಯಾಣುಗಳು ವಕ್ರವಾಗಿಯೇ ಇರುತ್ತವೆ. ಇನ್ನೂ ಒಂದು ಮಾತು. ಒಂದು ವರ್ಷದೊಳಗೆ ತಂದೆಯಾದ ಗಂಡಸರನ್ನು ಪರೀಕ್ಷಿಸಿ ಈ ಅಳತೆಗಳನ್ನು ಗೊತ್ತುಮಾಡಿದ್ದಾರೆ, ಅವರಲ್ಲಿಯೂ ನೂರಕ್ಕೆ ಐವರು ಒಂದೊಂದು ಅಳತೆಗಿಂತ ಕೆಳಗಿದ್ದರು. ಸಂಖ್ಯೆ ಕಡಮೆಯೆಂದ ಮಾತ್ರಕ್ಕೆ ಮಕ್ಕಳಾಗುವುದೇ ಇಲ್ಲವೆಂದು ಅರ್ಥವಲ್ಲ. ಜ್ವರ ಬಂದು ಹೋಗಿದ್ದರೆ ಮೂರು ತಿಂಗಳವರೆಗೂ ಸಂಖ್ಯೆ ಇಳಿದಿರಬಹುದು. ಆದುದರಿಂದ ಒಂದು ಚೀಟಿಯನ್ನು ನಂಬಿ ತೀರ್ಮಾನಕ್ಕೆ ಬರದೆ, ದೋಷ ಕಂಡರೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸತಕ್ಕದ್ದು.

ನಾನು ಹೇಳುತ್ತಿದ್ದ ಯಜಮಾನ ಎರಡು ವಾರಗಳ ಅನಂತರ ಒಬ್ಬನೇ ಬಂದ, ಆಸ್ಪತ್ರೆಯ ಜನವೆಲ್ಲ ಕರಗಿದ ಮೇಲೆ. ಎರಡು ಪರೀಕ್ಷೆಗಳಲ್ಲಿಯೂ ಮಿಲಿಲೀಟರಿಗೆ 40 ಲಕ್ಷದ ಆಸುಪಾಸು, ಚಲನೆ ಮಂದ. ನಿಲ್ಲಿಸಿ ಪರೀಕ್ಷಿಸಿದಾಗ ಎಡಗಡೆಯ ಬೀಜದ ಮೇಲೆ ಎರೆಹುಳುಗಳ ಗೊಂಚಲನ್ನು ಮುಟ್ಟಿದಂತೆ ಕೈಗೆ ಸಿಕ್ಕಿತು. ಇದಕ್ಕೆ ವೇರಿಕೋಸೀಲ್ ಎನ್ನುತ್ತಾರೆ. ಬೀಜದಿಂದ ಮೇಲಕ್ಕೆ ಹೋಗಬೇಕಾದ ರಕ್ತವು ಅಲ್ಲಿಯೇ ನಿಂತು ರಕ್ತನಾಳಗಳು ಉಬ್ಬಿ, ಬೀಜಕ್ಕೆ ಬೇಕಾದ ತಂಪು ತಪ್ಪಿಹೋಗುತ್ತದೆ. ನೂರು ಗಂಡಸರಲ್ಲಿ ಸುಮಾರು ಹದಿನೈದು ಜನರಿಗೆ ಇದು ಇರುತ್ತದೆ, ಅವರಲ್ಲಿ ಬಹಳ ಮಂದಿಗೆ ಯಾವ ತೊಂದರೆಯೂ ಇಲ್ಲ. ಆದರೆ ಮಕ್ಕಳಾಗದೆ ಪರೀಕ್ಷೆಗೆ ಬರುವ ಗಂಡಸರಲ್ಲಿ ನೂರಕ್ಕೆ ಮೂವತ್ತೈದರಿಂದ ನಲವತ್ತು ಜನರಲ್ಲಿ ಇದು ಕಾಣುತ್ತದೆ. ಕೈಗೆ ಸಿಗುವಷ್ಟು ದೊಡ್ಡದಿದ್ದು ವೀರ್ಯಾಣುಗಳೂ ಕಡಮೆಯಿದ್ದರೆ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು.

ಇದಲ್ಲದೆ ಆತ ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸದವನು. ಗೂಡು ಬೇಯುವ ಬಿಸಿನೀರಿನ ಮುಂದೆ, ಒಲೆಯ ಝಳದಲ್ಲಿ ದಿನಕ್ಕೆ ಹತ್ತು ಗಂಟೆ. ಜೊತೆಗೆ ದಿನಕ್ಕೆ ಎರಡು ಕಟ್ಟು ಬೀಡಿ. ಬೀಡಿ ಬಿಟ್ಟ, ಒಲೆಯ ಬಳಿಯಿಂದ ನೂಲು ಸುತ್ತುವ ಕಡೆಗೆ ಕೆಲಸ ಬದಲಿಸಿಕೊಂಡ, ಮೈಸೂರಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಆರು ತಿಂಗಳ ಮೇಲೆ ಸಂಖ್ಯೆ 2 ಕೋಟಿ ದಾಟಿತು. ಹನ್ನೊಂದನೆಯ ತಿಂಗಳಲ್ಲಿ ಹೆಂಡತಿಗೆ ಮುಟ್ಟು ನಿಂತಿತು. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾನು ಭರವಸೆ ಕೊಡಲಾರೆ. ಇದೇ ಚಿಕಿತ್ಸೆ ಪಡೆದೂ ಫಲ ಕಾಣದವರು ಇದ್ದಾರೆ.

ಶಾಖದ ವಿಷಯ ರೇಷ್ಮೆ ಕೆಲಸದವರಿಗೆ ಮಾತ್ರವಲ್ಲ. ಇಟ್ಟಿಗೆ ಗೂಡು, ಹೋಟೆಲಿನ ಒಲೆ, ಲಾರಿಯ ಬಿಸಿ ಇಂಜಿನ್ನಿನ ಪಕ್ಕ ದಿನವಿಡೀ ಕೂರುವವರು ನಡುನಡುವೆ ಎದ್ದು ಗಾಳಿಗೆ ಬರಬೇಕು, ಬಿಗಿಯಾದ ಒಳಉಡುಪು ತೊಡಬಾರದು. ಕಬ್ಬು, ಅರಿಸಿನ, ಬಾಳೆಗೆ ಔಷಧಿ ಹೊಡೆಯುವ ರೈತರಿಗೂ ಒಂದು ಎಚ್ಚರಿಕೆಯಿದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಬೇರಿನ ಜಂತುಹುಳುಗಳನ್ನು ಕೊಲ್ಲುವ ಡಿ.ಬಿ.ಸಿ.ಪಿ. ಎಂಬ ವಿಷವನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕೂಲಿಗಳು ತಮ್ಮಲ್ಲಿ ಮಕ್ಕಳಾಗುತ್ತಿಲ್ಲವೆಂಬುದನ್ನು ತಾವೇ ಗಮನಿಸಿದರು. 1977ರಲ್ಲಿ ಪರೀಕ್ಷಿಸಿದಾಗ ಅನೇಕರಲ್ಲಿ ವೀರ್ಯಾಣುಗಳು ಅತ್ಯಲ್ಪವಾಗಿದ್ದವು, ಕೆಲವರಲ್ಲಿ ಇರಲೇ ಇಲ್ಲ. ಎಲ್ಲ ಔಷಧಿಗಳೂ ಅಷ್ಟು ಘೋರವಲ್ಲ. ಆದರೂ ಕೈಗವಸು, ಮುಖವಸ್ತ್ರವಿಲ್ಲದೆ ಗಾಳಿಗೆದುರಾಗಿ ಹೊಡೆಯುವ, ಅದೇ ಬಟ್ಟೆಯಲ್ಲಿ ಊಟಕ್ಕೆ ಕೂರುವ ಅಭ್ಯಾಸ ಬಿಡಬೇಕು.

ಇತರ ಕಾರಣಗಳೂ ಉಂಟು. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ಬೀಜಗಳೂ ಊದಿಕೊಂಡಿದ್ದರೆ ಅವು ಅನಂತರ ಬತ್ತಿಹೋಗಬಹುದು. ಕ್ಷಯರೋಗ ಮತ್ತು ಲೈಂಗಿಕ ರೋಗಗಳಿಂದ ವೀರ್ಯನಾಳ ಕಟ್ಟಿಕೊಳ್ಳಬಹುದು. ಇಂಥ ರೋಗಗಳಿಗೆ ಬೇಗ ಔಷಧಿ ಪಡೆಯಬೇಕು, ಲೈಂಗಿಕ ರೋಗವಾದರೆ ಗಂಡಹೆಂಡಿರಿಬ್ಬರೂ ಕೂಡಿ ಪಡೆಯಬೇಕು. ಗಂಡುಮಗುವಿನ ಬೀಜ ಚೀಲಕ್ಕೆ ಇಳಿದಿಲ್ಲವೆಂದು ಸ್ನಾನ ಮಾಡಿಸುವ ಅಜ್ಜಿಯರಿಗೆ ಮೊದಲು ಗೊತ್ತಾಗುತ್ತದೆ. ದೊಡ್ಡವನಾದ ಮೇಲೆ ಸರಿಹೋಗುತ್ತದೆಂದು ಸುಮ್ಮನಿರಬೇಡಿ. ಆರು ತಿಂಗಳಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿರಿ, ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಆಗಿರಬೇಕು. ಮಿದುಳಿನ ಕೆಳಗಿರುವ ಗ್ರಂಥಿಯ ರಸ ಸಾಲದೆ ವೀರ್ಯಾಣು ಹುಟ್ಟದವರು ವಿರಳ. ಆದರೆ ಇಂಥವರಿಗೆ ತಿಂಗಳುಗಟ್ಟಲೆ ಚುಚ್ಚುಮದ್ದು ಕೊಟ್ಟರೆ ಗುಣ ಚೆನ್ನಾಗಿ ಕಾಣುತ್ತದೆ. ಸಕ್ಕರೆ ಕಾಯಿಲೆ, ಹೆಂಡ ಸಾರಾಯಿಗಳಿಂದಲೂ ಹಾನಿಯುಂಟು. ಎಷ್ಟು ಪರೀಕ್ಷಿಸಿದರೂ ಕಾರಣ ತಿಳಿಯದವರೂ ಕಡಮೆಯೇನಿಲ್ಲ.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ದುರ್ದೈವದಿಂದ ಮಕ್ಕಳನ್ನು ಕಳೆದುಕೊಂಡ ತಂದೆಗೆ ಕತ್ತರಿಸಿದ ವೀರ್ಯನಾಳವನ್ನು ಮತ್ತೆ ಜೋಡಿಸುವ ಚಿಕಿತ್ಸೆಯಿದೆ. ವರ್ಷಗಳು ಕಳೆದಷ್ಟೂ ಅದು ಫಲಿಸುವುದು ಕಡಮೆಯಾಗುತ್ತದೆ.

ಇನ್ನು ನನಗೆ ಕೋಪ ಬರಿಸುವ ಒಂದು ವಿಷಯ. ಬಸ್ ನಿಲ್ದಾಣದ ಗೋಡೆಗಳ ಮೇಲೆ, ಜಾತ್ರೆಯ ಡೇರೆಗಳಲ್ಲಿ ಗುಪ್ತರೋಗಗಳ ಚಿಕಿತ್ಸೆಯೆಂದು ಬರೆಯಿಸಿಕೊಂಡವರು ಧಾತು ನಷ್ಟ, ನರದೌರ್ಬಲ್ಯ ಎಂದು ಹೆದರಿಸಿ ಸಾವಿರಗಟ್ಟಲೆ ಹಣ ಕೀಳುತ್ತಾರೆ. ನಿದ್ದೆಯಲ್ಲಿ ವೀರ್ಯ ಹೋಗುವುದರಿಂದ ಸಂತಾನಶಕ್ತಿ ಕುಗ್ಗುವುದಿಲ್ಲ. ಹಣ ಹೋದರೆ ಹೋಗಲಿ, ಅದಕ್ಕಿಂತ ಕೆಟ್ಟದ್ದು ಶಕ್ತಿಯ ಸೂಜಿಯೆಂದು ಅವರಲ್ಲಿ ಕೆಲವರು ಚುಚ್ಚುವ ಟೆಸ್ಟೋಸ್ಟಿರಾನ್. ಮೈಕಟ್ಟು ಬೆಳೆಸಲು ಪಟ್ಟಣದ ಯುವಕರು ತೆಗೆದುಕೊಳ್ಳುವ ಸ್ಟೀರಾಯಿಡುಗಳೂ ಇದೇ ಜಾತಿಯವು. ಹೊರಗಿನಿಂದ ಈ ರಸ ಬಂದೊಡನೆ ದೇಹವು ತನ್ನಲ್ಲಿ ಸಾಕಷ್ಟಿದೆಯೆಂದು ಭ್ರಮಿಸಿ ಬೀಜಗಳಿಗೆ ಕೊಡುವ ಪ್ರೇರಣೆಯನ್ನು ನಿಲ್ಲಿಸುತ್ತದೆ; ವೀರ್ಯಾಣು ಉತ್ಪತ್ತಿ ನಿಂತೇ ಹೋಗಬಹುದು. ಮಕ್ಕಳಾಗಲೆಂದು ತೆಗೆದುಕೊಂಡ ಔಷಧಿಯಿಂದಲೇ ಮಕ್ಕಳಾಗದ ಹಾಗಾಗುತ್ತದೆ. ಅದನ್ನು ಬಿಟ್ಟ ಬಳಿಕ ಬಹುಮಂದಿಯಲ್ಲಿ ಉತ್ಪತ್ತಿ ಮರಳುತ್ತದೆ, ಆದರೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷ ಮೀರುತ್ತದೆ. ವೈದ್ಯರು ಕೊಟ್ಟ ಔಷಧಿಗೂ ಮೂರು ತಿಂಗಳ ಕಾಲಾವಕಾಶ ಕೊಡಬೇಕು. ಇಂದು ಹುಟ್ಟಿದ ವೀರ್ಯಾಣು ಹೊರಬರಲು ಅಷ್ಟು ಕಾಲ ಬೇಕೆಂಬುದನ್ನು ಆಗಲೇ ಹೇಳಿದೆ. ಹದಿನೈದು ದಿನಕ್ಕೊಬ್ಬ ವೈದ್ಯನನ್ನು ಬದಲಿಸಿದರೆ ಯಾವ ಔಷಧಿ ಹಿಡಿಯಿತೆಂಬುದೇ ತಿಳಿಯುವುದಿಲ್ಲ.

ಇವುಗಳಿಂದ ಫಲ ಸಿಗದಿದ್ದರೆ ಮುಂದಿನ ದಾರಿಗಳಿವೆ. ವೀರ್ಯವನ್ನು ಶುದ್ಧೀಕರಿಸಿ, ಚುರುಕಾದ ವೀರ್ಯಾಣುಗಳನ್ನು ನಳಿಕೆಯ ಮೂಲಕ ಹೆಂಡತಿಯ ಗರ್ಭಕೋಶಕ್ಕೆ ಸೇರಿಸುವುದು ಒಂದು. ಪ್ರನಾಳದಲ್ಲಿ ಅಂಡಾಣು ವೀರ್ಯಾಣುಗಳನ್ನು ಕೂಡಿಸುವುದು ಇನ್ನೊಂದು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಈ ವಿಧಾನದಿಂದ ಪ್ರಪಂಚದ ಮೊದಲ ಮಗು ಜನಿಸಿತು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ನಮ್ಮ ದೇಶದಲ್ಲಿಯೂ ಒಂದು ಹೆಣ್ಣುಮಗು ಜನಿಸಿತು. 1992ರಲ್ಲಿ ಬೆಲ್ಜಿಯಂ ದೇಶದ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸಿ ಗರ್ಭ ನಿಲ್ಲಿಸಿದ್ದನ್ನು ಪ್ರಕಟಿಸಿದರು. ನಾಳ ಕಟ್ಟಿಕೊಂಡವರಿಗೆ ಬೀಜದಿಂದಲೇ ವೀರ್ಯಾಣು ತೆಗೆದು ಹೀಗೆ ಮಾಡಬಹುದು. ಆದರೆ ಖಾಸಗಿಯಾಗಿ ಇದಕ್ಕೆ ಲಕ್ಷ ರೂಪಾಯಿ ದಾಟಬಹುದು, ಪ್ರತಿ ಸಲವೂ ಫಲಿಸುವುದಿಲ್ಲ. ಹೊಲ ಒತ್ತೆಯಿಡುವ ಮುನ್ನ ಒಮ್ಮೆ ನಮ್ಮನ್ನು ಬಂದು ಕಾಣಿರಿ. ದಾನಿಯ ವೀರ್ಯದಿಂದ ಗರ್ಭ ಧರಿಸುವುದಾದರೆ 2021ರ ಕಾಯಿದೆಯಂತೆ ನೋಂದಣಿಯಾದ ಸಂಸ್ಥೆಯಲ್ಲಿ, ಇಬ್ಬರ ಲಿಖಿತ ಒಪ್ಪಿಗೆಯಿಂದ ಮಾತ್ರ ಮಾಡಬೇಕು. ಹುಟ್ಟಿದ ಮಗು ಕಾನೂನಿನಲ್ಲಿ ಆ ದಂಪತಿಗಳದೇ. ದತ್ತು ಪಡೆಯಲು ಇಚ್ಛಿಸುವ ದಂಪತಿಗಳ ದಾಂಪತ್ಯಕ್ಕೆ ಎರಡು ವರ್ಷವಾದರೂ ಆಗಿರಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕವೇ ಪ್ರಯತ್ನಿಸಿ, ಮಧ್ಯವರ್ತಿಗಳ ಕೈಗೆ ಬೀಳಬೇಡಿ.

ಇನ್ನೊಬ್ಬ ಯಜಮಾನನ ವಿಷಯ ಹೇಳುವುದು ಉಳಿದಿದೆ. ಹದಿನಾರನೆಯ ವಯಸ್ಸಿನಲ್ಲಿ ಮಂಗನಬಾವು ಬಂದಿತ್ತು. ಮೂರು ಸಲ ಪರೀಕ್ಷಿಸಿದರೂ ಒಂದು ವೀರ್ಯಾಣುವೂ ಇರಲಿಲ್ಲ, ಬೀಜಗಳೆರಡೂ ಬತ್ತಿದ್ದವು. ನನ್ನ ಕೈಯಲ್ಲಿ ಕೊಡಲು ಔಷಧಿಯಿರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದೆ. ಆತ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಈ ಚೀಟಿಯನ್ನು ತನಗೆ ಕೊಡಬೇಕೆಂದು ಕೇಳಿದ. ಮನೆಗೆ ಹೋಗಿ ತಾಯಿಯ ಮುಂದೆ, ಅಣ್ಣಂದಿರ ಮುಂದೆ ಅದನ್ನಿಟ್ಟು, ದೋಷ ತನ್ನದು, ಹೆಂಡತಿಯದಲ್ಲ, ಇನ್ನು ಆಕೆಯನ್ನು ಯಾರೂ ಒಂದು ಮಾತೂ ಅನ್ನಕೂಡದು ಎಂದು ಹೇಳಿದನಂತೆ. ಇದನ್ನು ನನಗೆ ತಿಳಿಸಿದವಳು ಆತನ ಹೆಂಡತಿ. ಆಕೆ ಬಂದದ್ದು ಔಷಧಿಗಾಗಿ ಅಲ್ಲ, ಇದನ್ನು ಹೇಳುವುದಕ್ಕಾಗಿಯೇ. ಈಗ ಅವರು ದತ್ತು ಸ್ವೀಕಾರಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಾರೆ.

ಪರೀಕ್ಷೆ ಬಯಸುವವರು ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೋ, ಚಾಮರಾಜನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಬೇಕಾದರೆ ಅವರೇ ಚೀಟಿ ಬರೆದುಕೊಡುತ್ತಾರೆ. ಹಳೆಯ ಚೀಟಿಗಳನ್ನೆಲ್ಲ ತನ್ನಿರಿ, ಎಷ್ಟೇ ಹರಿದಿದ್ದರೂ ಸರಿ. ಎಲ್ಲರೆದುರು ಪ್ರಶ್ನೆ ಕೇಳಲು ಸಂಕೋಚಪಡುವವರಿಗಾಗಿ ಬಾಗಿಲ ಬಳಿ ಒಂದು ಪೆಟ್ಟಿಗೆಯನ್ನಿಟ್ಟಿದೆ. ಕಾಗದದಲ್ಲಿ ಬರೆದು ಹಾಕಬಹುದು, ಹೆಸರು ಬೇಡ. ಬರೆಯಲು ಬಾರದವರು ಆಶಾ ಕಾರ್ಯಕರ್ತೆಯರ ಕಿವಿಯಲ್ಲಿ ಹೇಳಿದರೆ ಅವರು ಬರೆದುಕೊಡುತ್ತಾರೆ. ಚಹಾ ಆದ ಮೇಲೆ ಒಂದೊಂದಾಗಿ ಓದಿ ಉತ್ತರ ಹೇಳುತ್ತೇನೆ.